ಅಪ್ಪನ ಹೆಸರಲ್ಲಿ ಆಸ್ತಿ, ಅಪ್ಪನಿಗೆ ಮರೆವು: ಮಾರುವ ಮುಂಚೆ ಏನೇನು ನೋಡಬೇಕು?

ಯಾವುದೇ ಕ್ರಯಪತ್ರ ತೆಗೆದು ನೋಡಿ. ಕೊನೆಯ ಪುಟದ ಹತ್ತಿರ ಒಂದು ಸಾಲು ಇದ್ದೇ ಇರುತ್ತದೆ: 'ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಬರೆಸಿಕೊಟ್ಟ ಶುದ್ಧ ಕ್ರಯಪತ್ರ.' ಪತ್ರ ಬರೆಯುವವರು ಅದನ್ನು ಹಳೇ ಫೈಲಿನಿಂದ ಕಾಪಿ ಮಾಡಿ ಹಾಕಿರುತ್ತಾರೆ. ಮಾರುವವರು ಓದುವುದಿಲ್ಲ. ಕೊಳ್ಳುವವರು ಅಳತೆ, ಚಕ್ಕುಬಂದಿ ಸರಿ ಇದೆಯಾ ಅಂತ ನೋಡಿ ಪುಟ ತಿರುಗಿಸುತ್ತಾರೆ. ಆದರೆ ಹತ್ತು ವರ್ಷ ಆದಮೇಲೆ ಯಾರೋ ಕೇಸು ಹಾಕಿದರೆ, ಇಡೀ ಪತ್ರ ನಿಲ್ಲುತ್ತದೋ ಬೀಳುತ್ತದೋ ಅನ್ನುವುದು ಆ ಒಂದು ಸಾಲು ನಿಜವಾ ಸುಳ್ಳಾ ಅನ್ನುವುದರ ಮೇಲೆ ಹೋಗಬಹುದು.

ನನಗೆ ಇದು ಗೊತ್ತಾಗಿದ್ದು ನಮ್ಮ ದೊಡ್ಡಪ್ಪನ ವಿಷಯದಲ್ಲಿ. ಅವರ ಹೆಸರಲ್ಲಿ ಒಂದು ಮನೆ ಇತ್ತು, ಬಹಳ ವರ್ಷ ಬಾಡಿಗೆಗೆ ಕೊಟ್ಟಿದ್ದರು. ಚಿಕಿತ್ಸೆಗೆ ದುಡ್ಡು ಬೇಕು ಅಂತ ಮಕ್ಕಳು ಮಾರಲು ಹೊರಟರು. ಕರಾರು ಆಯಿತು, ಮುಂಗಡ ಬಂತು, ನೋಂದಣಿ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ದೊಡ್ಡಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಸಬ್ ರಿಜಿಸ್ಟ್ರಾರ್ ಸುಮ್ನೆ ಮಾತಿಗೆ ಅನ್ನುವ ಹಾಗೆ ಕೇಳಿದರು: "ಏನ್ ಯಜಮಾನ್ರೇ, ಇವರಿಗೆ ಏನ್ ಕೊಡ್ತಿದ್ದೀರಿ?" ದೊಡ್ಡಪ್ಪ ನಗುತ್ತಾ, "ಮನೆ ಬಾಡಿಗೆಗೆ ಕೊಡ್ತಿದ್ದೀನಿ ಸಾರ್, ಒಳ್ಳೆ ಜನ" ಅಂದರು. "ಬಾಡಿಗೆಗಾ, ಮಾರಾಟಕ್ಕಾ?" ದೊಡ್ಡಪ್ಪ ಉತ್ತರ ಕೊಡಲಿಲ್ಲ. ತಿರುಗಿ ದೊಡ್ಡಮಗನ ಮುಖ ನೋಡಿದರು. ಅಣ್ಣ "ಮಾರಾಟ ಅನ್ನಪ್ಪಾ" ಅಂತ ಪಿಸುಗುಟ್ಟಿದ. ಅಧಿಕಾರಿ ಫೈಲು ಮುಚ್ಚಿದರು.

ಅವತ್ತು ನಮಗೆಲ್ಲ ಸಿಟ್ಟು ಬಂದಿತ್ತು. ಈಗ ಅನ್ನಿಸುವುದು, ಆ ಮನುಷ್ಯ ಆ ದಿನ ನಮ್ಮನ್ನೂ ಕೊಳ್ಳುವವರನ್ನೂ ಉಳಿಸಿದರು ಅಂತ.

ಈ ಬರಹ ಭಾರತದ ಕಾನೂನಿನ ಪ್ರಕಾರ. ಮನೆಯ ಹಿರಿಯರ ಆಸ್ತಿ ಮಾರಬೇಕಾದ ಮಕ್ಕಳಿಗೂ, ಅಂಥ ಆಸ್ತಿ ಕೊಳ್ಳುವವರಿಗೂ ಉಪಯೋಗ ಆಗಲಿ ಅಂತ. ವಕೀಲರ ಹತ್ತಿರ ಹೋಗಲೇಬೇಕು, ಆದರೆ ಏನು ಕೇಳಬೇಕು ಅಂತ ತಿಳಿದುಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ.

ಹೆಜ್ಜೆ 1: ಎರಡು ಪ್ರಶ್ನೆ ಬೇರೆ ಬೇರೆ ಮಾಡಿಕೊಳ್ಳಿ

ಒಂದು, ಆಸ್ತಿಯ ಮಾಲೀಕರಿಗೆ ತಾವು ಮಾಡುತ್ತಿರುವುದು ಅರ್ಥ ಆಗುತ್ತಿದೆಯಾ? ಎರಡು, ಸಹಿ ಹಾಕುತ್ತಿರುವವರು ಮಾಲೀಕರಲ್ಲದಿದ್ದರೆ ಅವರಿಗೆ ಆ ಅಧಿಕಾರ ಎಲ್ಲಿಂದ ಬಂತು, ಮತ್ತು ಇವತ್ತೂ ಅದಕ್ಕೆ ಜೀವ ಇದೆಯಾ?

ಜನ ಇವೆರಡನ್ನೂ ಕಲಸಿಬಿಡುತ್ತಾರೆ. 'ಅಪ್ಪನಿಗೆ ನೆನಪಿಲ್ಲ, ಅದಕ್ಕೇ ನಾನು ಸಹಿ ಹಾಕ್ತೀನಿ' ಅನ್ನುತ್ತಾರೆ. ಅಪ್ಪನಿಗೆ ನೆನಪಿಲ್ಲ ಅಂದ ಮಾತ್ರಕ್ಕೆ ಅವರ ಅಧಿಕಾರ ಮಗನ ಕೈಗೆ ಬರುವುದಿಲ್ಲ. ಹೆಂಡತಿಗೂ ಬರುವುದಿಲ್ಲ. ಎಲ್ಲ ಮಕ್ಕಳೂ ಒಪ್ಪಿ ಛಾಪಾಕಾಗದದಲ್ಲಿ ಸಹಿ ಮಾಡಿದರೂ ಬರುವುದಿಲ್ಲ, ಯಾಕೆಂದರೆ ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಅವರು ಬದುಕಿರುವವರೆಗೆ ಮಕ್ಕಳಿಗೆ ಇರುವುದು ಬರೀ ಆಸೆ, ಹಕ್ಕಲ್ಲ. ನಾಮಿನಿ ಆಗಿದ್ದರೂ ಅಷ್ಟೇ. ಜಂಟಿ ಬ್ಯಾಂಕ್ ಖಾತೆ ಇದ್ದರೂ ಅಷ್ಟೇ.

ಹೆಜ್ಜೆ 2: ಕಾನೂನು ಕೇಳುವುದು ಏನು ಅಂತ ತಿಳಿದುಕೊಳ್ಳಿ

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 7 ಹೇಳುವುದು ಸರಳ: ಕರಾರು ಮಾಡಲು ಅರ್ಹರಾದವರು, ಆಸ್ತಿ ತಮ್ಮದಾಗಿದ್ದರೆ ಅಥವಾ ಅದನ್ನು ಮಾರುವ ಅಧಿಕಾರ ಇದ್ದರೆ, ಮಾರಬಹುದು. ಕರಾರು ಮಾಡಲು ಯಾರು ಅರ್ಹರು ಅಂತ 1872ರ ಕರಾರು ಕಾಯ್ದೆಯ ಸೆಕ್ಷನ್ 11 ಹೇಳುತ್ತದೆ. ವಯಸ್ಸಿಗೆ ಬಂದಿರಬೇಕು, ಚಿತ್ತ ಸ್ವಸ್ಥ ಇರಬೇಕು, ಬೇರೆ ಕಾನೂನಿನ ಅಡ್ಡಿ ಇರಬಾರದು.

ಚಿತ್ತ ಸ್ವಸ್ಥ ಅಂದರೆ ಏನು? ಇದು ಸೆಕ್ಷನ್ 12ರಲ್ಲಿದೆ, ಮತ್ತು ಇಡೀ ವಿಷಯದ ತಿರುಳು ಇಲ್ಲೇ ಇರುವುದು. ಕರಾರು ಮಾಡುವ ಹೊತ್ತಿನಲ್ಲಿ ಆ ವ್ಯಕ್ತಿಗೆ ಅದು ಅರ್ಥ ಆಗಬೇಕು, ಅದರಿಂದ ತನಗೆ ಒಳ್ಳೆಯದೋ ಕೆಟ್ಟದ್ದೋ ಅಂತ ತೂಗಿ ನೋಡುವ ಶಕ್ತಿ ಇರಬೇಕು. 'ಹೊತ್ತಿನಲ್ಲಿ' ಅನ್ನುವುದನ್ನು ಗಮನಿಸಿ. ಕಾಯ್ದೆ ಹೋದ ವರ್ಷದ ಕಥೆ ಕೇಳುತ್ತಿಲ್ಲ, ಸಹಿ ಬೀಳುವ ಗಳಿಗೆಯದ್ದು ಕೇಳುತ್ತಿದೆ. ಯಾವಾಗಲೂ ಅಸ್ವಸ್ಥರಾಗಿದ್ದು ನಡುನಡುವೆ ಸರಿ ಹೋಗುವವರು, ಸರಿ ಇರುವ ಹೊತ್ತಿನಲ್ಲಿ ಕರಾರು ಮಾಡಬಹುದು. ಯಾವಾಗಲೂ ಸರಿ ಇರುವವರು ಜ್ವರದಲ್ಲಿ ಬಡಬಡಿಸುತ್ತಿರುವಾಗ ಅಥವಾ ಏನೂ ತಿಳಿಯದಷ್ಟು ಕುಡಿದಿರುವಾಗ ಮಾಡುವ ಹಾಗಿಲ್ಲ. ಈ ಉದಾಹರಣೆಗಳು ನನ್ನದಲ್ಲ, ಕಾಯ್ದೆಯಲ್ಲೇ ಇವೆ.

ಸಾಬೀತು ಯಾರು ಮಾಡಬೇಕು? ಸಾಮಾನ್ಯವಾಗಿ ಎಲ್ಲರ ಬುದ್ಧಿಯೂ ಸರಿ ಇದೆ ಅಂತಲೇ ಕಾನೂನು ಹಿಡಿದುಕೊಳ್ಳುತ್ತದೆ. ಇಲ್ಲ ಅನ್ನುವವರು ತೋರಿಸಬೇಕು. ಆದರೆ ಆ ವ್ಯಕ್ತಿ ಬಹುಕಾಲದಿಂದ ಅಸ್ವಸ್ಥರು ಅಂತ ಒಮ್ಮೆ ಗೊತ್ತಾದರೆ ಭಾರ ತಿರುಗುತ್ತದೆ. 'ಸಹಿ ಹಾಕಿದ ದಿನ ಸರಿ ಇದ್ದರು' ಅನ್ನುವವರೇ ತೋರಿಸಬೇಕು. ಕೊಳ್ಳುವವರು ಹೆದರಬೇಕಾದ್ದು ಇಲ್ಲಿ.

ತಪ್ಪಿದರೆ ಏನಾಗುತ್ತದೆ? ಚಿತ್ತ ಸ್ವಸ್ಥ ಇಲ್ಲದವರು ಮಾಡಿದ ಮಾರಾಟ ಮೊದಲಿಂದಲೇ ಶೂನ್ಯ. ನೋಂದಣಿ ಆಗಿದ್ದರೂ, ಸ್ಟ್ಯಾಂಪ್ ಡ್ಯೂಟಿ ಪೂರ್ತಿ ಕಟ್ಟಿದ್ದರೂ, ಖಾತಾ ಬದಲಾಗಿದ್ದರೂ. ನೋಂದಣಿ ಅನ್ನುವುದು ಇಲ್ಲದ ಜೀವ ತುಂಬುವ ಮಂತ್ರ ಅಲ್ಲ.

ಹೆಜ್ಜೆ 3: ಕಾಯಿಲೆಯ ಹೆಸರು ನೋಡಿ ತೀರ್ಮಾನ ಮಾಡಬೇಡಿ

ಇಲ್ಲಿ ಎರಡೂ ಕಡೆ ತಪ್ಪು ಆಗುತ್ತದೆ. ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂದರೆ ಸಾಕು, 'ಅವರ ಸಹಿ ನಡೆಯಲ್ಲ' ಅಂತ ಜನ ಹೇಳಿಬಿಡುತ್ತಾರೆ. ಸುಳ್ಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 3 ಸ್ಪಷ್ಟವಾಗಿ ಹೇಳುತ್ತದೆ: ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಚಿತ್ತ ಅಸ್ವಸ್ಥ ಅಂತ ಅರ್ಥ ಅಲ್ಲ, ಹಾಗಂತ ಹೇಳಬೇಕಾದ್ದು ಕೋರ್ಟು. ಕಣ್ಣು ಕಾಣದವರು, ಕಿವಿ ಕೇಳದವರು, ಓದು ಬರಹ ಬಾರದವರು ಕೂಡ ಮಾರಬಹುದು. ಅವರಿಗೆ ಅರ್ಥ ಆಗುವ ಹಾಗೆ ಓದಿ ಹೇಳಬೇಕು, ಅಷ್ಟೇ. ಪಾರ್ಶ್ವವಾಯು ಹೊಡೆದು ಮಾತು ನಿಂತುಹೋದವರಿಗೂ ಎಷ್ಟೋ ಸಲ ಎಲ್ಲಾ ತಿಳಿಯುತ್ತಿರುತ್ತದೆ, ಹೊರಗೆ ಹೇಳಲು ಆಗುವುದಿಲ್ಲ ಅಷ್ಟೇ. ಅಂಥವರನ್ನು ಪಕ್ಕಕ್ಕೆ ತಳ್ಳಿ ಮಗನನ್ನು ಮಾತಾಡಿಸುವುದು ಕಾನೂನಿಗೂ ಸರಿಯಲ್ಲ, ಮನುಷ್ಯತ್ವಕ್ಕೂ ಸರಿಯಲ್ಲ.

ಇನ್ನೊಂದು ಕಡೆ, ನೋಡಲು ಚೆನ್ನಾಗಿರುವವರ ವಿಷಯದಲ್ಲಿ ಮೋಸ ಹೋಗುತ್ತೇವೆ. ಮರೆವಿನ ಕಾಯಿಲೆಯ ಶುರುವಿನಲ್ಲಿ ಮಾತಿನ ಧಾಟಿ, ಮರ್ಯಾದೆ, ನಗು ಎಲ್ಲಾ ಹಾಗೇ ಇರುತ್ತದೆ. ನಮ್ಮ ದೊಡ್ಡಪ್ಪ ಬಂದವರಿಗೆಲ್ಲ "ಬನ್ನಿ ಬನ್ನಿ, ಮನೇಲಿ ಎಲ್ಲಾ ಸೌಖ್ಯವಾ?" ಅಂತ ಕೇಳುತ್ತಿದ್ದರು. ಬಂದವರು ಯಾರು ಅಂತ ಮಾತ್ರ ಗೊತ್ತಿರುತ್ತಿರಲಿಲ್ಲ.

ಮೂರನೆಯದು, ತಾತ್ಕಾಲಿಕ ಗೊಂದಲ. ವಯಸ್ಸಾದವರಿಗೆ ಮೂತ್ರದ ಸೋಂಕು ಆದರೆ, ರಕ್ತದಲ್ಲಿ ಸೋಡಿಯಂ ಇಳಿದರೆ, ಆಪರೇಷನ್ ಆದ ಹೊಸತರಲ್ಲಿ, ಹೊಸ ನಿದ್ರೆಮಾತ್ರೆ ಶುರುವಾದಾಗ ಒಂದೆರಡು ದಿನದಲ್ಲೇ ತಲೆ ಪೂರ್ತಿ ಗಲಿಬಿಲಿ ಆಗಬಹುದು. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಬಹಳ ಸಲ ಸರಿಹೋಗುತ್ತದೆ. ಹಾಗಿದ್ದರೆ ಕೋರ್ಟು ಗೀರ್ಟು ಏನೂ ಬೇಡ, ನೋಂದಣಿ ಮುಂದಕ್ಕೆ ಹಾಕಿ.

ಹೆಜ್ಜೆ 4: ಮನೆಯಲ್ಲೇ ಮೊದಲು ಮಾತಾಡಿಸಿ ನೋಡಿ

ಡಾಕ್ಟರ ಹತ್ತಿರ ಹೋಗುವ ಮುಂಚೆ ಇದನ್ನು ಮಾಡಿ. ಬೆಳಗ್ಗೆ ಹೊತ್ತು ಮಾಡಿ, ಮರೆವಿನ ಕಾಯಿಲೆ ಇರುವ ತುಂಬಾ ಜನಕ್ಕೆ ಸಂಜೆ ಆಗುತ್ತಾ ಆಗುತ್ತಾ ಗೊಂದಲ ಜಾಸ್ತಿ ಆಗುತ್ತದೆ. ಕನ್ನಡಕ ಹಾಕಿಸಿ, ಕಿವಿಯ ಮೆಷಿನ್ ಇದ್ದರೆ ಅದನ್ನೂ. ಟಿವಿ ಆಫ್ ಮಾಡಿ. ಆಸ್ತಿಯಿಂದ ಲಾಭ ಆಗುವವರು ಕೋಣೆಯಲ್ಲಿ ಇರದಿದ್ದರೆ ಒಳ್ಳೆಯದು.

ಹೌದು ಅಲ್ಲ ಅಂತ ಉತ್ತರ ಬರುವ ಪ್ರಶ್ನೆ ಕೇಳಬೇಡಿ. 'ಮನೆ ಮಾರೋಣ ಅಲ್ವಾ ಅಪ್ಪಾ?' ಅಂದರೆ ಯಾರಾದರೂ ಹೂಂ ಅನ್ನುತ್ತಾರೆ. ಬದಲಿಗೆ ಅವರ ಬಾಯಿಂದಲೇ ಬರುವ ಹಾಗೆ ಕೇಳಿ. ಯಾವ ಆಸ್ತಿ? ಯಾರಿಗೆ? ಎಷ್ಟಕ್ಕೆ, ಈಗ ಅಲ್ಲಿ ರೇಟು ಹೇಗಿದೆ? ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ? ಮಾರಿದ ಮೇಲೆ ನೀವು ಎಲ್ಲಿ ಇರುತ್ತೀರಿ, ನಿಮಗೆ ಏನು ಉಳಿಯುತ್ತದೆ? ಬೇಡ ಅನ್ನಿಸಿದರೆ ಏನು ಮಾಡುತ್ತೀರಿ? ಇಸವಿ ಯಾವುದು, ಪ್ರಧಾನಿ ಯಾರು ಅನ್ನುವುದು ಗೊತ್ತಿಲ್ಲದಿದ್ದರೂ ಈ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸುವವರು ಇದ್ದಾರೆ. ಇಸವಿ ಸರಿಯಾಗಿ ಹೇಳಿ ಇದನ್ನು ಹೇಳಲಾಗದವರೂ ಇದ್ದಾರೆ. ನಮಗೆ ಬೇಕಾದ್ದು ಮಾರಾಟದ ಅರಿವು.

ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ಮರುದಿನ ಮತ್ತೊಮ್ಮೆ. ಉತ್ತರ ಒಂದೇ ಆಗಿದ್ದರೆ ಧೈರ್ಯ ಬರುತ್ತದೆ. ಮೂರು ಸಲಕ್ಕೆ ಮೂರು ಬಗೆ ಆದರೆ, ಅಥವಾ ದೊಡ್ಡಪ್ಪನ ಹಾಗೆ ಪ್ರತಿ ಪ್ರಶ್ನೆಗೂ ಪಕ್ಕದವರ ಮುಖ ನೋಡಿದರೆ, ನಿಮಗೆ ಉತ್ತರ ಸಿಕ್ಕಿದೆ.

ಕೊಳ್ಳುವವರಿಗೆ ಒಂದು ಮಾತು: ಬ್ರೋಕರ್ ಜೊತೆ, ಮಗನ ಜೊತೆ ಎಷ್ಟು ಮಾತಾಡಿದರೂ, ಪತ್ರದಲ್ಲಿ ಹೆಸರಿರುವ ಆ ಹಿರಿಯರ ಜೊತೆ ಒಂದು ಸಲವಾದರೂ ಕೂತು ಮಾತಾಡದೆ ಮುಂಗಡ ಕೊಡಬೇಡಿ. 'ಅಮ್ಮನಿಗೆ ಹುಷಾರಿಲ್ಲ, ಸಹಿ ನಾವು ತಂದುಕೊಡ್ತೀವಿ' ಅಂದರೆ ಎದ್ದು ಬನ್ನಿ.

ಹೆಜ್ಜೆ 5: ಡಾಕ್ಟರ್ ಸರ್ಟಿಫಿಕೇಟ್ ಬರೀ ಕಾಗದ ಆಗದಿರಲಿ

'ಇವರು ದೈಹಿಕವಾಗಿ ಮತ್ತು ಮಾನಸಿಕವಾಗಿ ಆರೋಗ್ಯವಾಗಿದ್ದಾರೆ' ಅಂತ ಒಂದು ಸಾಲು, ಕೆಳಗೆ ಸೀಲು. ಪರಿಚಯದ ಡಾಕ್ಟರ್ ಐದು ನಿಮಿಷದಲ್ಲಿ ಬರೆದುಕೊಟ್ಟ ಇಂಥದ್ದನ್ನು ಕೋರ್ಟಿನಲ್ಲಿ ಎದುರು ವಕೀಲರು ಎರಡು ಪ್ರಶ್ನೆಯಲ್ಲಿ ಹರಿದುಹಾಕುತ್ತಾರೆ. ಸಂಶಯ ಇರುವ ಕಡೆ ಮನೋವೈದ್ಯರು ಅಥವಾ ನರರೋಗ ತಜ್ಞರ ಹತ್ತಿರವೇ ಹೋಗಿ. ಯಾಕೆ ಬಂದಿದ್ದೀರಿ ಅಂತ ಸ್ಪಷ್ಟವಾಗಿ ಹೇಳಿ: ಇಂಥ ಆಸ್ತಿ ಮಾರುತ್ತಿದ್ದಾರೆ, ಅದು ಇವರಿಗೆ ಅರ್ಥ ಆಗುತ್ತಿದೆಯಾ ಅಂತ ನೋಡಿ. ಪತ್ರದಲ್ಲಿ ತಾರೀಕು, ಎಷ್ಟು ಹೊತ್ತು ಮಾತಾಡಿಸಿದರು, ಏನು ಕೇಳಿದರು, ಏನು ಉತ್ತರ ಬಂತು, ಯಾವ ಮಾತ್ರೆ ನಡೆಯುತ್ತಿದೆ, ಕೊನೆಗೆ ಅವರ ಅಭಿಪ್ರಾಯ ಇರಬೇಕು. 30 ಅಂಕದ ನೆನಪಿನ ಪರೀಕ್ಷೆ ಮಾಡುತ್ತಾರಲ್ಲ, ಅದರ ಅಂಕವನ್ನೂ ಹಾಕಿಸಿ, ಆದರೆ ಅಂಕವೊಂದೇ ತೀರ್ಮಾನ ಅಲ್ಲ.

ಮುಖ್ಯವಾಗಿ, ಪರೀಕ್ಷೆ ನೋಂದಣಿ ದಿನಕ್ಕೆ ಹತ್ತಿರ ಇರಬೇಕು. ಆರು ತಿಂಗಳ ಹಿಂದಿನ ಸರ್ಟಿಫಿಕೇಟ್ ಆರು ತಿಂಗಳ ಹಿಂದಿನ ತಲೆಯ ಬಗ್ಗೆ ಹೇಳುತ್ತದೆ. ಕರಾರು ಒಂದು ದಿನ, ಕ್ರಯ ಇನ್ನೊಂದು ದಿನ ಆದರೆ ಎರಡಕ್ಕೂ ಬೇರೆ ಬೇರೆ ಮಾಡಿಸಿ.

ವಿಡಿಯೋ ಮಾಡುವವರು ಜಾಸ್ತಿ ಆಗಿದ್ದಾರೆ. ಮಾಡಿ, ಆದರೆ ಶುರುವಿಂದ ಕೊನೆವರೆಗೆ ಒಂದೇ ಓಟದಲ್ಲಿ, ಹೇಳಿಕೊಡದೆ. ಹೇಳಿಕೊಟ್ಟ ಉತ್ತರ ಒಪ್ಪಿಸುವ ವಿಡಿಯೋ ನಿಮಗೇ ತಿರುಗಿ ಹೊಡೆಯುತ್ತದೆ.

ಹೆಜ್ಜೆ 6: ಬುದ್ಧಿ ಸರಿ ಇದ್ದರೂ ಒತ್ತಡ ಇದೆಯಾ ನೋಡಿ

ಅರ್ಥ ಆಗುತ್ತದೆ, ಆದರೆ ಬೇಡ ಅನ್ನುವ ಧೈರ್ಯ ಇಲ್ಲ. ಇದು ಬೇರೆಯೇ ಸಮಸ್ಯೆ. ಕರಾರು ಕಾಯ್ದೆಯ ಸೆಕ್ಷನ್ 16 ಇದಕ್ಕೇ ಇದೆ. ವಯಸ್ಸು, ಕಾಯಿಲೆ, ಸಂಕಟದಿಂದ ಮನಸ್ಸು ಕುಗ್ಗಿರುವವರ ಮೇಲೆ ಹಿಡಿತ ಇರುವವರು, ಆ ಹಿಡಿತ ಬಳಸಿ ತಮಗೆ ಲಾಭ ಮಾಡಿಕೊಂಡರೆ ಆ ಕರಾರನ್ನು ರದ್ದು ಮಾಡಿಸಬಹುದು. ಇದು ತಾನಾಗಿ ಶೂನ್ಯ ಅಲ್ಲ, ನೊಂದವರು ಕೋರ್ಟಿಗೆ ಹೋಗಿ ಕೇಳಬೇಕು.

ನೋಡಿಕೊಳ್ಳುತ್ತಿರುವ ಮಗಳೇ ಕೊಳ್ಳುತ್ತಿದ್ದರೆ, ಬೆಲೆ ಮಾರುಕಟ್ಟೆಗಿಂತ ಬಹಳ ಕಮ್ಮಿ ಇದ್ದರೆ, ಇಡೀ ಹಣ ಬೇರೆಯವರ ಖಾತೆಗೆ ಹೋಗುತ್ತಿದ್ದರೆ ಎಚ್ಚರ. ಮದ್ದು ದೊಡ್ಡದೇನಲ್ಲ. ಹಿರಿಯರಿಗೆ ಅಂತಲೇ ಬೇರೆ ವಕೀಲರನ್ನು ಇಡಿ. ಅವರು ಒಬ್ಬರನ್ನೇ ಕೂರಿಸಿ ಮಾತಾಡಲಿ. ಹಣ ಹಿರಿಯರ ಸ್ವಂತ ಖಾತೆಗೆ ಬ್ಯಾಂಕ್ ಮೂಲಕವೇ ಬರಲಿ. ಆಮೇಲೆ ಅವರು ಯಾರಿಗೆ ಬೇಕಾದರೂ ಕೊಡಲಿ.

ಹೆಜ್ಜೆ 7: ಜಿಪಿಎ ಇದೆ ಅಂತ ನೆಮ್ಮದಿಯಾಗಿ ಇರಬೇಡಿ

ನಾನು ಈ ಬರಹ ಶುರು ಮಾಡಿದ್ದೇ ಇದನ್ನು ಹೇಳಲು ಅಂದರೂ ತಪ್ಪಿಲ್ಲ. ನೋಂದಣಿ ನಿಂತ ದಿನ ಸಂಜೆ ಅಣ್ಣ ಬೀರುವಿನಿಂದ ಆರು ವರ್ಷ ಹಳೆಯ ಜಿಪಿಎ, ಅಂದರೆ ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ, ತೆಗೆದು ತಂದ. ದೊಡ್ಡಪ್ಪ ಚೆನ್ನಾಗಿದ್ದಾಗ ಬರೆದುಕೊಟ್ಟಿದ್ದು, ನೋಂದಣಿ ಕೂಡ ಆಗಿತ್ತು. "ಇದರಲ್ಲಿ ನಾನೇ ಸಹಿ ಹಾಕ್ತೀನಿ, ಮುಗೀತಲ್ಲ" ಅಂದ. ಕೊಳ್ಳುವವರ ವಕೀಲರು ಅದನ್ನು ಓದಿ, ಮಡಿಸಿ, ಅವನ ಕೈಗೇ ವಾಪಸ್ ಇಟ್ಟರು. "ಇದು ನಿಮ್ಮ ತಂದೆಯ ಬುದ್ಧಿ ಜೊತೆಗೇ ಹೋಯ್ತು ಸ್ವಾಮಿ."

ಕರಾರು ಕಾಯ್ದೆಯ ಸೆಕ್ಷನ್ 201 ಹಾಗೇ ಇದೆ. ಅಧಿಕಾರ ಕೊಟ್ಟವರು ಸತ್ತರೆ ಅಥವಾ ಅವರ ಚಿತ್ತ ಅಸ್ವಸ್ಥ ಆದರೆ ಏಜೆನ್ಸಿ, ಅಂದರೆ ಆ ಅಧಿಕಾರ, ಮುಗಿಯುತ್ತದೆ. ಇಂಗ್ಲೆಂಡಿನಂಥ ಕಡೆ ಬುದ್ಧಿ ಹೋದಮೇಲೂ ಉಳಿಯುವ ಬೇರೆ ಬಗೆಯ ಅಧಿಕಾರ ಪತ್ರ ಇದೆ, ಅಲ್ಲಿ 2005ರ ಕಾಯ್ದೆಯಲ್ಲೇ ಅದಕ್ಕೆ ಜಾಗ ಕೊಟ್ಟಿದ್ದಾರೆ. ನಮ್ಮಲ್ಲಿ ಅದು ಇಲ್ಲ. ಇಂಟರ್ನೆಟ್ಟಿನಲ್ಲಿ ಹೊರದೇಶದ ಬರಹ ಓದಿ 'ಜಿಪಿಎಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು' ಅಂದುಕೊಂಡವರನ್ನು ನಾನು ನೋಡಿದ್ದೇನೆ. ನಮ್ಮ ಜಿಪಿಎ ಕೈಕಾಲು ಆಡದವರಿಗೆ, ದೂರ ಇರುವವರಿಗೆ ಉಪಯೋಗ. ನಿಜವಾಗಿ ಬೇಕಾಗುವ ಹೊತ್ತಿಗೆ, ಅಂದರೆ ನೆನಪು ಹೋದಾಗ, ಅದೂ ಹೋಗಿರುತ್ತದೆ.

ಸೆಕ್ಷನ್ 202ರಲ್ಲಿ ಒಂದು ವಿನಾಯಿತಿ ಇದೆ. ಏಜೆಂಟನಿಗೇ ಆ ಆಸ್ತಿಯಲ್ಲಿ ಸ್ವಂತ ಹಿತ ಇದ್ದರೆ, ಉದಾಹರಣೆಗೆ ಕೊಟ್ಟ ಸಾಲ ತೀರಿಸಿಕೊಳ್ಳಲು ಮಾರುವ ಅಧಿಕಾರ ಪಡೆದಿದ್ದರೆ, ಕೊಟ್ಟವರ ಬುದ್ಧಿ ಹೋದರೂ ಅದು ನಿಲ್ಲುತ್ತದೆ. ಮಗ ಅನ್ನುವ ಕಾರಣಕ್ಕೆ ಅದು ಸಿಗುವುದಿಲ್ಲ. ಸೆಕ್ಷನ್ 208 ಪ್ರಕಾರ ಏಜೆನ್ಸಿ ಮುಗಿದದ್ದು ಗೊತ್ತಿಲ್ಲದೆ ವ್ಯವಹಾರ ಮಾಡಿದ ಹೊರಗಿನವರಿಗೆ ಸ್ವಲ್ಪ ರಕ್ಷಣೆ ಇದೆ, ಆದರೆ ಅದನ್ನು ನಂಬಿಕೊಂಡು ಆಸ್ತಿ ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಗೊತ್ತಿರಲಿಲ್ಲ ಅಂತ ಕೋರ್ಟಿಗೆ ಒಪ್ಪಿಸುವುದು ಸುಲಭ ಅಲ್ಲ.

ಆದ್ದರಿಂದ ಜಿಪಿಎ ಮೇಲೆ ಕೊಳ್ಳುವವರು ಇಷ್ಟು ಮಾಡಿ. ಮಾರುವ ಅಧಿಕಾರ ಅಂತ ಸ್ಪಷ್ಟವಾಗಿ ಬರೆದಿದೆಯಾ ಓದಿ. ನೋಡಿಕೊಳ್ಳುವ, ಬಾಡಿಗೆ ವಸೂಲಿ ಮಾಡುವ ಅಧಿಕಾರದಲ್ಲಿ ಮಾರುವುದು ಸೇರುವುದಿಲ್ಲ. ರದ್ದಾಗಿದೆಯಾ ವಿಚಾರಿಸಿ. ಕೊಟ್ಟವರು ಬದುಕಿದ್ದಾರಾ, ಸರಿ ಇದ್ದಾರಾ ಅಂತ ನೋಂದಣಿ ದಿನವೇ ವಿಡಿಯೋ ಕಾಲ್‌ನಲ್ಲಾದರೂ ಮಾತಾಡಿ. ಹೊರದೇಶದಲ್ಲಿ ಮಾಡಿದ್ದಾದರೆ ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲೇಟ್ ಮುಂದೆ ಸಹಿ ಆಗಿದೆಯಾ, ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಆಗಿದೆಯಾ ನೋಡಿ. ಇನ್ನು ಕ್ರಯಪತ್ರವೇ ಇಲ್ಲದೆ ಬರೀ ಜಿಪಿಎ, ಕರಾರು, ವಿಲ್ ಮೂರನ್ನೂ ಕೊಟ್ಟು 'ಮಾರಾಟ ಆಯ್ತು' ಅನ್ನುವವರಿಗೆ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಅದರಿಂದ ಮಾಲೀಕತ್ವ ಬರುವುದಿಲ್ಲ.

ಹೆಜ್ಜೆ 8: ಬೇರೆಯವರ ಅಧಿಕಾರ, ಚುಟುಕಾಗಿ

ಅಪ್ರಾಪ್ತ ಮಕ್ಕಳ ಸ್ವಂತ ಆಸ್ತಿ: ಹಿಂದೂಗಳಲ್ಲಿ ಅಪ್ಪ ಅಮ್ಮ ಆಗಿದ್ದರೂ ಕೋರ್ಟಿನ ಮುಂಗಡ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ, 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ ಸೆಕ್ಷನ್ 8. ಪಾಲುದಾರಿಕೆ ಸಂಸ್ಥೆ: ಒಬ್ಬ ಪಾಲುದಾರ ತಾನಾಗಿ ಸಂಸ್ಥೆಯ ಸ್ಥಿರಾಸ್ತಿ ಮಾರಲಾರ, ಉಳಿದವರು ಅಧಿಕಾರ ಕೊಟ್ಟಿರಬೇಕು. ಕಂಪನಿ: ಬೋರ್ಡ್ ನಿರ್ಣಯ ಕೇಳಿ, ಸಹಿ ಹಾಕುವವರ ಹೆಸರು ಅದರಲ್ಲಿ ಇದೆಯಾ ನೋಡಿ. ಮಾಲೀಕರು ತೀರಿಕೊಂಡಿದ್ದರೆ ಜಿಪಿಎ ಸತ್ತ ಹಾಗೆ, ಈಗ ಎಲ್ಲ ವಾರಸುದಾರರೂ ಬೇಕು.

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ತನಿಗೆ, ಅಂದರೆ ಮನೆಯ ಯಜಮಾನನಿಗೆ, ಕುಟುಂಬದ ಅಗತ್ಯಕ್ಕೆ ಮಾರುವ ಅಧಿಕಾರ ಇದೆ. ಆದರೆ ಅಗತ್ಯ ನಿಜವಾ ಅಂತ ಕೊಳ್ಳುವವರು ವಿಚಾರಿಸಬೇಕು, ಮತ್ತು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳೂ ಹುಟ್ಟಿನಿಂದ ಪಾಲುದಾರರು. ಅವರ ಸಹಿ ಬಿಟ್ಟು 'ಮದುವೆ ಆಗಿ ಹೋದ್ರು' ಅನ್ನುವ ಕಥೆಗೆ ಕಿವಿ ಕೊಡಬೇಡಿ.

ಹೆಜ್ಜೆ 9: ಬುದ್ಧಿ ಪೂರ್ತಿ ಹೋಗಿದ್ದರೆ ಕೋರ್ಟಿನ ದಾರಿ

ಇಲ್ಲಿ ನಮ್ಮ ಕಾನೂನಿನಲ್ಲಿ ಒಂದು ದೊಡ್ಡ ತೂತು ಇದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿಗೆ ಜಿಲ್ಲಾ ಕೋರ್ಟು ಮ್ಯಾನೇಜರ್ ನೇಮಿಸುವ ಅಧ್ಯಾಯವೇ ಇತ್ತು. 2017ರ ಕಾಯ್ದೆ ಅದನ್ನು ತೆಗೆದುಹಾಕಿತು. ಹೊಸದರಲ್ಲಿ ಚಿಕಿತ್ಸೆಯ ಬಗ್ಗೆ ಒಳ್ಳೆಯ ಮಾತುಗಳಿವೆ, ನಾಮನಿರ್ದೇಶಿತ ಪ್ರತಿನಿಧಿ ಅಂತಲೂ ಇದ್ದಾರೆ, ಆದರೆ ಆ ಪ್ರತಿನಿಧಿಯ ಮಾತು ಚಿಕಿತ್ಸೆಯ ಮಟ್ಟಿಗೆ ಮಾತ್ರ. ಆ ಕಾಗದ ಹಿಡಿದು ಆಸ್ತಿ ಮಾರಲು ಹೋಗಬೇಡಿ.

ಈಗ ಉಳಿದಿರುವ ದಾರಿಗಳು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ, ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು (ಗಾರ್ಡಿಯನ್) ನೇಮಿಸುತ್ತದೆ. ವಯಸ್ಸಾದ ಮೇಲೆ ಬರುವ ಮರೆವಿನ ಕಾಯಿಲೆ, ಕೋಮಾ ಈ ಪಟ್ಟಿಯಲ್ಲಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 14ರಲ್ಲಿ ಸೀಮಿತ ಪೋಷಕತ್ವ, ಅಂದರೆ ಇಂಥ ತೀರ್ಮಾನಕ್ಕೆ, ಇಷ್ಟು ಅವಧಿಗೆ ಮಾತ್ರ ಅನ್ನುವಂಥದ್ದು, ಇದೆ. ಮರೆವು, ಕೋಮಾ ಪ್ರಕರಣಗಳಲ್ಲಿ ಬಹಳ ಜನ ಹೈಕೋರ್ಟಿಗೆ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕುತ್ತಾರೆ. ನೋಡಿಕೊಳ್ಳುವವರಿಲ್ಲದವರಿಗೆ ತಾನೇ ತಂದೆತಾಯಿ ಸ್ಥಾನದಲ್ಲಿ ನಿಲ್ಲುವ ಅಧಿಕಾರ ಹೈಕೋರ್ಟಿಗೆ ಇದೆ. 2019ರಲ್ಲಿ ಕೇರಳ ಹೈಕೋರ್ಟ್ ಕೋಮಾದಲ್ಲಿರುವವರ ಬಗ್ಗೆ ಇಂಥದ್ದಕ್ಕೆ ಮಾರ್ಗಸೂಚಿ ಕೊಟ್ಟಿತು. ಆಸ್ತಿಯ ಪೂರ್ತಿ ವಿವರ, ವೈದ್ಯರ ಮಂಡಳಿಯ ತಪಾಸಣೆ, ಕಂದಾಯ ಅಧಿಕಾರಿಯ ವಿಚಾರಣೆ, ನೇಮಕ ಆದಮೇಲೆ ನಿಯಮಿತ ವರದಿ ಇವೆಲ್ಲ ಅದರಲ್ಲಿ ಬರುತ್ತವೆ.

ಅರ್ಜಿಗೆ ಮುಂಚೆ ಜೋಡಿಸಿಕೊಳ್ಳಿ: ಚಿಕಿತ್ಸೆಯ ದಾಖಲೆ ಮೊದಲಿಂದ ಇಲ್ಲಿವರೆಗೆ, ಅವರ ಎಲ್ಲ ಆಸ್ತಿ ಮತ್ತು ಸಾಲದ ಪಟ್ಟಿ, ವಂಶವೃಕ್ಷ, ಹತ್ತಿರದ ಎಲ್ಲ ವಾರಸುದಾರರ ಒಪ್ಪಿಗೆಯ ಅಫಿಡವಿಟ್, ತಿಂಗಳ ಖರ್ಚಿನ ಲೆಕ್ಕ, ಯಾಕೆ ಮಾರಲೇಬೇಕು ಅನ್ನುವುದಕ್ಕೆ ಕಾರಣ, ನೋಂದಾಯಿತ ಮೌಲ್ಯಮಾಪಕರ ವರದಿ. ಒಪ್ಪದ ತಮ್ಮ ಒಬ್ಬ ಇದ್ದರೆ ಅವನನ್ನು ಮುಚ್ಚಿಡಬೇಡಿ, ಆಮೇಲೆ ಅವನು ಬಂದೇ ಬರುತ್ತಾನೆ.

ಆದೇಶ ಕೈಗೆ ಬಂದಮೇಲೆ ನಿಧಾನವಾಗಿ ಓದಿ. ಪೋಷಕರಾಗಿ ನೇಮಕ ಆಯಿತು ಅಂದರೆ ಮಾರುವ ಅನುಮತಿಯೂ ಸಿಕ್ಕಿತು ಅಂತ ಅಲ್ಲ. ಆ ಆಸ್ತಿಯ ಷೆಡ್ಯೂಲ್ (ಅಳತೆ, ಚಕ್ಕುಬಂದಿಯ ವಿವರ) ಹಾಕಿ, ಮಾರಬಹುದು ಅಂತ ಬರೆದಿರಬೇಕು. ಕನಿಷ್ಠ ಬೆಲೆ, ಗಡುವು, ಹಣ ಎಲ್ಲಿ ಇಡಬೇಕು ಅನ್ನುವ ಷರತ್ತು ಇದ್ದರೆ ಅಕ್ಷರಶಃ ಪಾಲಿಸಿ. ಪೋಷಕರು ತಮಗೇ, ತಮ್ಮವರಿಗೇ ಮಾರಿಕೊಳ್ಳಲು ಹೋಗಬಾರದು.

ದೊಡ್ಡಪ್ಪನ ವಿಷಯದಲ್ಲಿ ಮೊದಲ ಕೊಳ್ಳುವವರು ಕಾಯಲಿಲ್ಲ. ಕರಾರಿನ ದಿನ ದೊಡ್ಡಪ್ಪ ಹೇಗಿದ್ದರು ಅಂತ ಕೇಳಿದಾಗ ಅದಕ್ಕೂ ಹಿಂದಿನ ಡಾಕ್ಟರ ಚೀಟಿಯೇ ಉತ್ತರ ಹೇಳುತ್ತಿತ್ತು, ಹಾಗಾಗಿ ಮಕ್ಕಳು ಕರಾರನ್ನೂ ಬಿಟ್ಟು ಮುಂಗಡ ವಾಪಸ್ ಕೊಟ್ಟರು. ದೊಡ್ಡಮ್ಮನನ್ನು ಪೋಷಕಿ ಮಾಡಿ ಆದೇಶ ಬರಲು ಒಂದು ವರ್ಷದ ಮೇಲಾಯಿತು. ಹಣ ದೊಡ್ಡಪ್ಪನ ಹೆಸರಲ್ಲೇ ಠೇವಣಿ ಇಡಬೇಕು, ಲೆಕ್ಕ ಕೊಡಬೇಕು ಅಂತ ಇತ್ತು. ದೊಡ್ಡಮ್ಮ ಈಗಲೂ ಔಷಧಿ ಅಂಗಡಿಯ ಪ್ರತಿ ಬಿಲ್ಲನ್ನೂ ತಂತಿಗೆ ಚುಚ್ಚಿ ಇಡುತ್ತಾರೆ.

ಕರಾರಿನ ದಿನ ಪೂರ್ತಿ ಸರಿ ಇದ್ದು, ಕ್ರಯಕ್ಕೆ ಮುಂಚೆ ಬುದ್ಧಿ ಹೋದರೆ? ಆಗ ಕರಾರಿಗೆ ಬಲ ಇದೆ. ಕೊಳ್ಳುವವರು ಅದನ್ನು ಜಾರಿ ಮಾಡಿಸಲು ದಾವೆ ಹಾಕಬಹುದು, ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ದಾವೆಯಲ್ಲಿ ಆ ಹಿರಿಯರ ಪರವಾಗಿ ಕೋರ್ಟು ಒಬ್ಬರನ್ನು ನೇಮಿಸುತ್ತದೆ. ಆ ನೇಮಕ ಆ ದಾವೆಗೆ ಮಾತ್ರ.

ಹೆಜ್ಜೆ 10: ಇನ್ನೂ ಸಮಯ ಇದ್ದರೆ

ಕಾಯಿಲೆ ಈಗಷ್ಟೇ ಗೊತ್ತಾಗಿದ್ದು, ಅಪ್ಪನಿಗೆ ಇನ್ನೂ ಎಲ್ಲಾ ತಿಳಿಯುತ್ತಿದ್ದರೆ, ತಿಂಗಳುಗಟ್ಟಲೆ ಯೋಚಿಸುತ್ತಾ ಕೂರಬೇಡಿ. ಮಾರಬೇಕಾದ್ದನ್ನು ಅವರೇ ಮಾರಲಿ. ಕೊಡಬೇಕಾದ್ದನ್ನು ದಾನಪತ್ರ, ವಿಭಾಗಪತ್ರದ ಮೂಲಕ ಅವರೇ ಕೊಡಲಿ, ತಾವು ಬದುಕಿರುವವರೆಗೆ ವಾಸದ ಹಕ್ಕು ಇಟ್ಟುಕೊಂಡು. ಮಕ್ಕಳಿಗೆ ದಾನ ಕೊಡುವವರು 'ನನ್ನನ್ನು ನೋಡಿಕೊಳ್ಳಬೇಕು' ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ ಸೆಕ್ಷನ್ 23 ಬಳಸಿ ವಾಪಸ್ ಪಡೆಯಲು ಅದು ಬೇಕಾಗುತ್ತದೆ. ವಿಲ್ ಬರೆದರೆ ಒಳ್ಳೆಯದೇ, ಆದರೆ ಅದು ಅವರು ಬದುಕಿರುವಾಗ ಕೆಲಸಕ್ಕೆ ಬಾರದು.

ಹಾಸಿಗೆ ಹಿಡಿದಿದ್ದರೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ನೋಂದಣಿ ಕಾಯ್ದೆಯ ಸೆಕ್ಷನ್ 31 ಮತ್ತು 38ರ ಪ್ರಕಾರ ಕಾರಣ ಕೊಟ್ಟು ಅರ್ಜಿ ಹಾಕಿದರೆ ಮನೆಗೇ, ಆಸ್ಪತ್ರೆಗೇ ಬಂದು ಮಾಡುವ ವ್ಯವಸ್ಥೆ ಇದೆ.

ಸಬ್ ರಿಜಿಸ್ಟ್ರಾರ್ ನಿರಾಕರಿಸಿದರೆ

ಮಾರುವವರ ಬುದ್ಧಿ ಸರಿ ಇಲ್ಲ ಅಂತ ಕಂಡರೆ ನೋಂದಣಿ ಕಾಯ್ದೆಯ ಸೆಕ್ಷನ್ 35 ಪ್ರಕಾರ ಅವರು ನಿರಾಕರಿಸಲೇಬೇಕು. ಕೂಗಾಡಬೇಡಿ. ಕಾರಣ ಬರಹದಲ್ಲಿ ಕೇಳಿ. ನಿಮ್ಮ ಹಿರಿಯರಿಗೆ ಬರೀ ಕಿವಿ ಮಂದ, ಅಥವಾ ಜನ ನೋಡಿ ಗಾಬರಿ ಆಯಿತು ಅಷ್ಟೇ ಅಂತ ನಿಮಗೆ ಖಾತ್ರಿ ಇದ್ದರೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹೋಗಬಹುದು, ತಜ್ಞರ ಸರ್ಟಿಫಿಕೇಟ್ ಜೊತೆಗೆ. ಇನ್ನೊಂದು ಕಚೇರಿಗೆ ಹೋಗಿ, ಈ ಸಲ ಸರಿಯಾಗಿ ಹೇಳಿಕೊಟ್ಟು ಕೂರಿಸುವ ಉಪಾಯ ಮಾತ್ರ ಬೇಡ. ಮೊದಲ ನಿರಾಕರಣೆ ದಾಖಲೆಯಲ್ಲಿ ಉಳಿದಿರುತ್ತದೆ, ಎದುರು ಪಕ್ಷದವರು ಹುಡುಕಿ ತೆಗೆಯುವ ಮೊದಲ ಕಾಗದ ಅದೇ.